ಹಾಜರಿ ಪುಸ್ತಕದಲ್ಲಿಲ್ಲದ ಮೆಟ್ಟಿಲಜ್ಜ

ಫೆಬ್ರವರಿ 2, ಸೋಮವಾರ

ಮಹಾಜನರೇ! ಮುಂದಿನ ಸಾಲಿನ ಹಿರಿಯರೇ, ಹಿಂದಿನ ಸಾಲಿನಲ್ಲಿ ಕಾಲು ಚಾಚಿ ಕುಳಿತ ಮಹನೀಯರೇ, ಕಂಬಕ್ಕೆ ಒರಗಿ ಬಾಗಿಲ ಕಡೆಗೇ ಕಣ್ಣಿಟ್ಟವರೇ, ಎಲ್ಲರೂ ಕಿವಿಗೊಡಿ! ಅನ್ಯಾಯ ನಡೆದಿದೆ! ತೆರೆ ಸರಿಯುವ ಮೊದಲೇ ಖಳನಾಯಕನ ಪ್ರವೇಶವಾಗಿದೆ!

ನೀವು ಯಾರೂ ಇಲ್ಲಿಲ್ಲವೆಂದು ನನಗೂ ಗೊತ್ತು. ಇದು ಇನ್ನೂರು ಪುಟದ ಗೆರೆ ಪುಸ್ತಕ. ಗಂಟಲಿನ ಡಾಕ್ಟರು ಮೂರು ವಾರ ನನ್ನ ಬಾಯಿ ಕಟ್ಟಿಹಾಕಿದ್ದಾರೆ. "ಕೂಗ್ಬೇಡಿ, ಹಾಡ್ಬೇಡಿ. ತೀರಾ ಬೇಕಾದ್ರೆ ಮೆಲ್ಲಗೆ ಒಂದೆರಡು ಮಾತು. ಉಳಿದಿದ್ದು ಬರ್ದು ತೋರ್ಸಿ," ಎಂದರು. ನಾಟಕ ಕಂಪನಿಯ ಪೆಟ್ಟಿಗೆಗಳ ನಡುವೆ ತೆವಳಿ ಬೆಳೆದು, ಮೈಕಿಲ್ಲದ ಕಾಲದಲ್ಲಿ ಕೊನೆಯ ಸಾಲಿನವನ ನಿದ್ದೆ ಕೆಡಿಸಿದ ಗಂಟಲು ಇದು. ಇಪ್ಪತ್ತೆಂಟು ವರ್ಷದಿಂದ ಬಸ್ ನಿಲ್ದಾಣದ ಪ್ರಕಟಣೆಯ ಕೋಣೆಯಲ್ಲಿ ಕುಳಿತು ದಿನಕ್ಕೆ ನಾನೂರು ಬಸ್ಸು ಹೊರಡಿಸಿದ ಗಂಟಲು. ಈಗ ನನ್ನ ಜಾಗದಲ್ಲಿ ಒಂದು ಯಂತ್ರ ಹೆಂಗಸಿನ ದನಿಯಲ್ಲಿ "ದಯವಿಟ್ಟು ಗಮನಿಸಿ" ಎನ್ನುತ್ತಿದೆಯಂತೆ. ಗಮನಿಸಲಿ!

ಅನ್ಯಾಯದ ಮಾತಿಗೆ ಬರುತ್ತೇನೆ. ನಮ್ಮ ಪ್ರಾರ್ಥನಾ ಮಂದಿರದಲ್ಲಿ ಫೆಬ್ರವರಿಯ ನಾಲ್ಕನೆಯ ಭಾನುವಾರ ತೀರಿಹೋದ ಹಿರಿಯರ ಸ್ಮರಣೆ ನಡೆಯುತ್ತದೆ. "ಭಕ್ತಿಯಲ್ಲೂ ಸೇವೆಯಲ್ಲೂ ಹೆಸರಾದವರು" ಎಂಬ ಪಟ್ಟಿಯನ್ನು ವೇದಿಕೆಯ ಮೇಲೆ ನಿಂತು ಓದುವವನು ಇಪ್ಪತ್ತು ವರ್ಷದಿಂದ ನಾನೇ. ಈ ವರ್ಷದ ಪಟ್ಟಿ ಇವತ್ತು ಮನೆಗೆ ಬಂತು. ಹೊಸದಾಗಿ ಐದು ಹೆಸರು. ಮೂರು ಸಲ ಓದಿದೆ, ಹಾಳೆ ತಿರುಗಿಸಿ ಬೆನ್ನನ್ನೂ ನೋಡಿದೆ. ನನ್ನ ಮಾವನ ಹೆಸರಿಲ್ಲ.

ಮಾವ ಎಂದರೆ ನನ್ನ ಹೆಂಡತಿಯ ತಂದೆ. ಹೋದ ಅಕ್ಟೋಬರಿನಲ್ಲಿ ತೀರಿಕೊಂಡರು. ಹಗಲೆಲ್ಲ ಲಾರಿಗಳ ಟಾರ್ಪಾಲು ಹೊಲಿಯುವ ಕೆಲಸ. ಬುಧವಾರ ಸಂಜೆ ಮಾತ್ರ ದಬ್ಬಳ, ಮೇಣದ ನೂಲು ಹಿಡಿದು ಮಂದಿರದ ಎರಡನೆಯ ಮೆಟ್ಟಿಲ ಮೇಲೆ ಕುಳಿತುಬಿಡುವರು. ಒಳಗೆ ಪ್ರಾರ್ಥನೆ ನಡೆಯುವಷ್ಟು ಹೊತ್ತು ಹೊರಗೆ ಚಪ್ಪಲಿ ಕಾಯುವುದು, ಬಾರು ಕಿತ್ತಿದ್ದರೆ ಹೊಲಿಯುವುದು, ಅಟ್ಟೆ ಬಿಟ್ಟಿದ್ದರೆ ಅಂಟಿಸುವುದು. ನಲವತ್ತೊಂದು ವರ್ಷ! ಚಿಕ್ಕವರು ದೊಡ್ಡವರೆನ್ನದೆ ಎಲ್ಲರ ಬಾಯಲ್ಲೂ ಅವರು ಮೆಟ್ಟಿಲಜ್ಜ. ಅಂಥವರ ಹೆಸರಿಲ್ಲ. ಎರಡು ವರ್ಷ ಬ್ಯಾಂಡ್ ಬಾರಿಸಿ ಮೂರನೆಯ ವರ್ಷ ಬ್ಯಾಂಡನ್ನೇ ಮಾರಿಕೊಂಡವನ ಹೆಸರಿದೆ.

ಫೆಬ್ರವರಿ 4, ಬುಧವಾರ

ಕಾರ್ಯದರ್ಶಿಯ ಕೋಣೆಗೆ ನುಗ್ಗಿದೆ. ಮೇಜಿನ ಮೇಲೆ ಗಾಜು, ಗಾಜಿನ ಕೆಳಗೆ ಅವನದೇ ಮೂರು ಫೋಟೋ, ಪಕ್ಕದಲ್ಲಿ ಒತ್ತಿದರೆ ಟಿಣ್ ಎನ್ನುವ ಗಂಟೆ. ಕರೆಸಿಕೊಳ್ಳಲು ಅಲ್ಲಿ ಯಾರೂ ಇಲ್ಲ, ಆದರೂ ಗಂಟೆ. ಚೀಟಿಯಲ್ಲಿ ಬರೆದು ಮುಂದಿಟ್ಟೆ: "ನನ್ನ ಮಾವ ಎಲ್ಲಿ?"

"ಅಕ್ಷರಾನೂ ಕೂಗ್ತಿದೆಯಲ್ರೀ," ಎಂದು ಚೀಟಿಯನ್ನು ದೂರ ಹಿಡಿದ. "ಕೂತ್ಕೊಳ್ಳಿ. ನಿಮ್ಮ ಮಾವ ಕೆಟ್ಟವ್ರು ಅಂತ ಯಾರಾದ್ರೂ ಅಂದ್ರಾ? ಬಂಗಾರದಂಥ ಮನುಷ್ಯ. ಆದ್ರೆ ನಿಯಮದಲ್ಲಿ ಎರಡಿದೆ. ಭಕ್ತಿ, ಸೇವೆ. ಸೇವೆ ಒಪ್ಕೊಳ್ಳೋಣ. ಭಕ್ತಿ ಎಲ್ಲಿ?"

ಬೀರು ತೆರೆದು ಹಾಜರಿ ಪುಸ್ತಕಗಳ ಕಟ್ಟನ್ನು ದೊಪ್ಪೆಂದು ಇಳಿಸಿದ. ಪ್ರಾರ್ಥನೆಗೆ ಬಂದವರು ಬಾಗಿಲ ಒಳಗಿನ ಮೇಜಿನಲ್ಲಿ ರುಜು ಹಾಕಿ ಕೂರಬೇಕು. ಪಟ್ಟಿ ತಯಾರಾಗುವುದು ಆ ರುಜುಗಳಿಂದ.

"ನಲವತ್ತೊಂದು ವರ್ಷದ ಪುಸ್ತಕ ಇಲ್ಲಿದೆ. ಒಂದ್ ರುಜು ತೋರ್ಸಿ, ಒಂದೇ ಒಂದು. ನನ್ನ ಕೈಯಾರೆ ಹೆಸರು ಸೇರಿಸ್ತೀನಿ."

ಎರಡನೆಯ ಚೀಟಿ: "ಅವರು ಒಳಗೆ ಬಂದು ರುಜು ಹಾಕುತ್ತ ಕೂತಿದ್ದರೆ ಹೊರಗೆ ನಿನ್ನ ಬೂಟು ಕಾಯುತ್ತಿದ್ದವರು ಯಾರು?"

"ಅದಕ್ಕೇ ಹೇಳಿದ್ನಲ್ಲ, ಸೇವೆ ಒಪ್ಪಿದೀನಿ ಅಂತ."

ಮೂರನೆಯ ಚೀಟಿಯಲ್ಲಿ ಬರೆದದ್ದನ್ನು ಈ ಪುಸ್ತಕದಲ್ಲಿ ಬರೆಯಲಾರೆ. ಅದನ್ನು ಓದಿ ಅವನು ಗಂಟೆ ಒತ್ತಿದ. ಯಾರೂ ಬರಲಿಲ್ಲ.

ಶಪಥ ಮಾಡಿದೆ. ಮಾವನ ಹೆಸರು ಪಟ್ಟಿಗೆ ಸೇರುವವರೆಗೂ ನಾನು ಮಂದಿರದೊಳಗೆ ಕಾಲಿಡುವುದಿಲ್ಲ. ಸಂಜೆ ಎಲ್ಲರೂ ಬರುವ ಹೊತ್ತಿಗೆ, ಎಲ್ಲರಿಗೂ ಕಾಣುವಂತೆ, ಎರಡನೆಯ ಮೆಟ್ಟಿಲ ಮೇಲೆ ಎದೆ ಸೆಟೆಸಿ ಕುಳಿತೆ. ಇದು ಪ್ರತಿಭಟನೆ! ಇದು ಧಿಕ್ಕಾರ! ಒಬ್ಬ ಮುದುಕಿ ಬಂದು ನನ್ನ ಮುಂದೆ ಚಪ್ಪಲಿ ಬಿಟ್ಟು, "ಸ್ವಲ್ಪ ನೋಡ್ಕೊಳಪ್ಪಾ," ಎಂದು ಒಳಗೆ ಹೋದಳು. ಅವಳ ಹಿಂದೆ ಬಂದವರೆಲ್ಲ ಅಲ್ಲೇ ಬಿಟ್ಟರು.

ಫೆಬ್ರವರಿ 5, ಗುರುವಾರ

ಹೆಂಡತಿಗೆ ನನ್ನ ಹೋರಾಟದಲ್ಲಿ ಒಂದಿಷ್ಟೂ ಉತ್ಸಾಹವಿಲ್ಲ. ಅವಳ ತಂದೆ, ಕುದಿಯುತ್ತಿರುವುದು ನನ್ನ ರಕ್ತ!

"ಅಪ್ಪ ಕೇಳಿದ್ರಾ ಪಟ್ಟೀಲಿ ಹಾಕಿ ಅಂತ?" ಎಂದಳು, ಬಟ್ಟೆ ಮಡಚುತ್ತ.

"ಭಕ್ತಿ ಇರಲಿಲ್ಲವಂತೆ! ಸುಮ್ಮನಿರಲಾ?" ಎಂದು ಮೆಲ್ಲನೆ ಗರ್ಜಿಸಿದೆ. ಮೆಲ್ಲನೆ ಗರ್ಜಿಸುವುದು ಎಂಥ ಹಿಂಸೆ ಎಂದು ಗರ್ಜಿಸಿ ಗೊತ್ತಿದ್ದವರಿಗೇ ತಿಳಿಯುತ್ತದೆ.

"ಚಪ್ಪಲೀನ ಯಾಕೆ ತಿರುಗಿಸಿ ಇಡ್ತಿದ್ರು ಗೊತ್ತಾ ನಿಮಗೆ?"

ಮಾವ ಪ್ರತಿ ಜೊತೆಯನ್ನೂ ಬೀದಿಯ ಕಡೆಗೆ ಮುಖಮಾಡಿ ಇಡುತ್ತಿದ್ದರು. ಹೊರಗೆ ಬಂದವರು ನೇರ ಕಾಲು ತೂರಿಸಿ ಹೋಗಲು ಸುಲಭವಾಗಲಿ ಎಂದು ನಾನು ತಿಳಿದಿದ್ದೆ.

"ಅದೂ ಇದೆ," ಎಂದಳು. "ಒಂದೊಂದು ಜೊತೆ ತಿರುಗಿಸ್ವಾಗಲೂ ಆ ಮನೆಯವರ ಹೆಸರು ಹೇಳ್ಕೊಳ್ತಿದ್ರು. ಬಾಯೊಳಗೇ. ಇವರು ಸುಖವಾಗಿ ಮನೆ ಸೇರ್ಲಿ ಅಂತ. ಒಳಗಿರೋರು ತಮ್ಮ ತಮ್ಮ ಮನೆಗೆ ಬೇಡ್ಕೊಂಡ್ರೆ ಅಪ್ಪ ಎಲ್ಲರ ಮನೆಗೂ ಬೇಡ್ಕೊಳ್ತಿದ್ರು. ಚಿಕ್ಕೋಳಿದ್ದಾಗ ಪಕ್ಕದಲ್ಲಿ ಕೂತು ಕೇಳಿಸ್ಕೊಂಡಿದೀನಿ."

ಇಪ್ಪತ್ತಾರು ವರ್ಷದ ಸಂಸಾರ! ಇಂಥ ಸಾಕ್ಷಿಯನ್ನು ಸೀರೆಯ ಮಡಿಕೆಯಲ್ಲಿಟ್ಟುಕೊಂಡು ಕುಳಿತಿದ್ದಾಳೆ! "ನನಗೆ ಯಾಕೆ ಹೇಳಲಿಲ್ಲ?"

"ನೀವು ಕೇಳಿದ್ದು ಯಾವಾಗ? ಈ ಮನೇಲಿ ಮಾತಾಡೋದು ನೀವೊಬ್ರೇ ಅಲ್ವಾ?"

ನಾನು ಬಾಯಿ ತೆರೆಯುವ ಮೊದಲೇ ಮತ್ತೊಂದು ಬಿಟ್ಟಳು. "ನಿಮ್ಮ ಜೋಡು ಅಪ್ಪನ ಮುಂದೆ ಒಂದ್ ದಿನ ಬಿಟ್ಟಿದ್ದೀರಾ? ಪಕ್ಕದ ಬಾಗಿಲಲ್ಲಿ ಹೋಗ್ತಿದ್ರಿ. ಚೀಲದಲ್ಲಿ ಹಾಕ್ಕೊಂಡು."

"ಮಾವನ ಕೈಯಲ್ಲಿ ನನ್ನ ಚಪ್ಪಲಿ ಮುಟ್ಟಿಸುವುದೇ? ಅದು ಮರ್ಯಾದೆ!"

"ಮರ್ಯಾದೆನೋ ನಾಚಿಕೆನೋ," ಎಂದು ಮಡಚಿದ ಬಟ್ಟೆ ಎತ್ತಿಕೊಂಡು ಹೋದಳು.

ಹೆಂಗಸರ ಮಾತು. ಬರೆದಿಡುವಂಥದ್ದೇನಲ್ಲ. ಮರ್ಯಾದೆಯೇ ಅದು.

ಫೆಬ್ರವರಿ 11, ಬುಧವಾರ

ಧಿಕ್ಕಾರದ ಎರಡನೆಯ ವಾರ. ಕಾರ್ಯದರ್ಶಿ ನನ್ನನ್ನು ದಾಟಿ ಹೋಗುವಾಗ ಛಾವಣಿ ನೋಡಿಕೊಂಡು ಹೋದ. ಬೂಟು ಮಾತ್ರ ನನ್ನ ಮುಂದೆಯೇ ಬಿಟ್ಟ, ನಿರ್ಲಜ್ಜ! ಅದನ್ನು ತಿರುಗಿಸದೆ ಹಾಗೆಯೇ ಬಿಟ್ಟೆ.

ಉಳಿದವನ್ನು ತಿರುಗಿಸಿದೆ. ಸಾಲು ಓರೆಯಾಗಿತ್ತು, ರಂಗದ ಮೇಲೆ ಏನೇ ಓರೆಯಾಗಿದ್ದರೂ ನನಗೆ ತಡೆಯಲಾಗುವುದಿಲ್ಲ, ಅದಕ್ಕೆ. ಕೂತು ಕೂತು ಬೇಸರವಾಗಿ ಪಾತ್ರವರ್ಗ ಗುರುತಿಸಿದೆ. ಹಿಮ್ಮಡಿ ಒಂದೇ ಕಡೆ ಸವೆದದ್ದು ಬೇಕರಿಯವನದು, ಒಲೆಯ ಮುಂದೆ ಒಂದೇ ಕಾಲ ಮೇಲೆ ಭಾರ ಹಾಕಿ ನಿಲ್ಲುತ್ತಾನೆ. ಉಗುರುಬಣ್ಣ ಚೆಲ್ಲಿದ್ದು ಅಂಚೆ ಕಚೇರಿಯ ಹುಡುಗಿಯದು. ಸಂಜೆಯಿಡೀ ಜಗಳಾಡಿ ಬಂದ ಗಂಡಹೆಂಡಿರ ಚಪ್ಪಲಿಗಳು ಮೆಟ್ಟಿಲ ಈ ತುದಿಗೊಂದು ಆ ತುದಿಗೊಂದು.

ಗಡಿಯಾರ ರಿಪೇರಿಯವರು ತಡವಾಗಿ ಬಂದರು. ನನಗಿಂತ ಹತ್ತು ವರ್ಷ ಹಿರಿಯರು, ಕೋಟಿನ ಮೇಲ್ಜೇಬಿನಲ್ಲಿ ಯಾವಾಗಲೂ ಭೂತಗನ್ನಡಿ.

"ಏನ್ ನಾಟಕದವ್ರೇ, ಈ ಸಲ ಮೂಕಾಭಿನಯಾನಾ?"

ಕೈಯಲ್ಲಿ ಗಂಟಲು ತೋರಿಸಿದೆ.

"ಒಳ್ಳೇದಾಯ್ತು ಬಿಡಿ. ನಿಮ್ಮ ದನಿಗೆ ನಮ್ಮಂಗಡಿ ಗಡಿಯಾರಗಳು ಎರಡು ನಿಮಿಷ ಮುಂದೆ ಓಡ್ತಿದ್ವು," ಎಂದು ನಕ್ಕು ಷೂ ಬಿಚ್ಚಿದರು. ಮೇಲೆ ಕನ್ನಡಿಯಂತೆ ಪಾಲಿಶ್. ತಿರುಗಿಸಿಡುವಾಗ ಅಟ್ಟೆ ಕಾಣಿಸಿತು, ಸವೆದು ಕಾಗದದಂತಾಗಿದೆ. ಇಡೀ ದಿನ ಸ್ಟೂಲಿನ ಮೇಲೆ ಕುಳಿತು ಕೆಲಸ ಮಾಡುವ ಮನುಷ್ಯ, ಎಲ್ಲಿ ತಿರುಗಿ ಇಷ್ಟು ಸವೆಸಿದರೋ. ಇರಲಿ, ನನಗೇನು.

ಫೆಬ್ರವರಿ 13, ಶುಕ್ರವಾರ

ಮಹಾಜನರೇ, ಎದ್ದು ನಿಲ್ಲಿ! ಇಷ್ಟು ದಿನ ನೀವು ಕಂಡದ್ದು ಮುಂಪರದೆ. ಹಿಂದಿನ ದೃಶ್ಯ ನನಗೆ ಇವತ್ತು ಕಂಡಿದೆ!

ಭಕ್ತಿಗೆ ಸಾಕ್ಷಿ ಪತ್ರ ಬರೆಸಿಕೊಳ್ಳೋಣವೆಂದು ದೊಡ್ಡಮ್ಮನ ಮನೆಗೆ ಹೋದೆ. ಹಿಟ್ಟಿನ ಗಿರಣಿಯ ದೊಡ್ಡವರ ಹೆಂಡತಿ. ದೊಡ್ಡವರು ಹೋಗಿ ಮೂರು ವರ್ಷ. ನಮ್ಮ ಪಟ್ಟಿಯಲ್ಲಿ ಅವರದೇ ಮೊದಲ ಹೆಸರು, ಮಂದಿರದಲ್ಲಿ ಆಳೆತ್ತರದ ಚಿತ್ರ, ಅದರ ಕೆಳಗೆ "ಕೇಳುವ ಮೊದಲೇ ಕೊಟ್ಟ ಕೈ" ಎಂಬ ಬರಹ. ಯಾರ ಮನೆಯಲ್ಲಿ ಹಿಟ್ಟು ಮುಗಿದಿದೆ, ಯಾರು ಹಾಸಿಗೆ ಹಿಡಿದಿದ್ದಾರೆ ಎಂದು ಯಾರೂ ಹೇಳದೆ ಅವರಿಗೆ ತಿಳಿಯುತ್ತಿತ್ತು. ದಿವ್ಯದೃಷ್ಟಿ ಎಂದು ವೇದಿಕೆಯ ಮೇಲಿಂದ ಸಾರಿದವನು ನಾನೇ.

"ಬಾರೋ ಗಂಟಲು ಕಟ್ಟಿದ ಹುಲಿ," ಎಂದರು ದೊಡ್ಡಮ್ಮ, ಊದಿದ ಕಾಲುಗಳನ್ನು ಸ್ಟೂಲಿನ ಮೇಲಿಟ್ಟುಕೊಂಡು. ನನ್ನ ಚೀಟಿ ಓದಿಸಿಕೊಂಡು ಬಹಳ ಹೊತ್ತು ನಕ್ಕರು. "ಭಕ್ತಿಗೆ ರುಜು ಬೇಕಂತಾ? ನಮ್ಮನೆಯವ್ರ ದಿವ್ಯದೃಷ್ಟಿ ಎಲ್ಲಿ ಕೂತಿತ್ತು ಗೊತ್ತೇನೋ ನಿನಗೆ? ಎರಡನೇ ಮೆಟ್ಟಿಲ ಮೇಲೆ ಕೂತಿತ್ತು."

ನನಗೆ ಅರ್ಥವಾಗಲಿಲ್ಲ.

"ಪ್ರಾರ್ಥನೆ ಮುಗಿದ್ಮೇಲೆ ಇವ್ರು ಮೆಟ್ಟಿಲ ಮೇಲೆ ಕೂತು ಕಾಲುಗಂಟೆ ಷೂ ದಾರ ಕಟ್ಕೊಳ್ತಿದ್ರಲ್ಲ? ನೀವೆಲ್ಲ ನಗ್ತಿದ್ರಿ. ಅವರ ಷೂಗೆ ದಾರಾನೇ ಇರ್ಲಿಲ್ಲ ಕಣೋ. ಬಗ್ಗಿ ಕೂತ್ಕೊಂಡು ನಿನ್ನ ಮಾವ ಹೇಳೋದು ಕೇಳಿಸ್ಕೊಳ್ತಿದ್ರು. ಆ ಮನೇಲಿ ಮೂರು ಮಕ್ಕಳಿಗೆ ಒಂದೇ ಜೊತೆ, ವಾರಕ್ಕೊಬ್ರು ಹಾಕ್ಕೊಂಡು ಬರ್ತಿದಾರೆ. ಇವಳ ಚಪ್ಪಲೀಲಿ ಆಸ್ಪತ್ರೆ ಫಿನಾಯಿಲ್ ವಾಸನೆ, ಮೂರು ವಾರ ಆಯ್ತು. ಇವನು ಬರಿಗಾಲಲ್ಲಿ ಬಂದು ಕಾಲು ನೋವು ಅಂತಿದಾನೆ. ಹಿಂಗೆ. ಮಾರನೇ ದಿನ ಗಿರಣಿ ಗಾಡಿ ಆ ಮನೆ ಮುಂದೆ."

"ಯಾರಿಗೂ ಯಾಕೆ ಹೇಳಲಿಲ್ಲ?" ಈ ಸಲ ಚೀಟಿಯಲ್ಲ, ಬಾಯಲ್ಲೇ ಕೇಳಿದೆ. ಗಂಟಲು ಉರಿಯಿತು.

"ಇವ್ರು ಹೇಳ್ತೀನಿ ಅಂದ್ರು, ನಿನ್ನ ಮಾವನೇ ಬೇಡ ಅಂದ್ರು. ಅಟ್ಟೆ ನೋಡ್ತಾರೆ ಅಂತ ಗೊತ್ತಾದ್ರೆ ಕಷ್ಟದಲ್ಲಿರೋರು ಮೊದಲು ಚಪ್ಪಲಿ ಬಚ್ಚಿಡ್ತಾರೆ, ಆಮೇಲೆ ಬರೋದನ್ನೇ ಬಿಡ್ತಾರೆ ಅಂತ. ನಿನಗೆ ಹೇಳಿದ್ದು ಮನೆಯವನು ಅಂತ."

ನಡೆದು ಮನೆಗೆ ಬರುವಷ್ಟರಲ್ಲಿ ನನ್ನ ಮೈ ಕಾದ ಕಬ್ಬಿಣ. ಕಣ್ಣು ಒಬ್ಬರದು, ಆಳೆತ್ತರದ ಚಿತ್ರ ಇನ್ನೊಬ್ಬರದು! ಮೂರು ವರ್ಷದಿಂದ ಆ ಸುಳ್ಳನ್ನು ಊರಿಗೆ ಕೂಗಿ ಹೇಳಿದ್ದು ನನ್ನ ಗಂಟಲು! ನನ್ನದೇ ಗಂಟಲು!

ಫೆಬ್ರವರಿ 14, ಶನಿವಾರ

ಇವಳಿಗೆ ಹೇಳಿದೆ. ಅತ್ತಳು. ಅವಳಿಗೂ ಗೊತ್ತಿರಲಿಲ್ಲ. ಕಣ್ಣೊರೆಸಿಕೊಂಡು ಮೊದಲು ಹೇಳಿದ್ದೇ, "ನೀವು ಇದನ್ನ ಅಲ್ಲಿ ಹೇಳಲ್ಲ ತಾನೆ?"

ಸ್ಮರಣೆಯ ದಿನದ ಭಾಷಣಕ್ಕೆ ಹಾಳೆ ಹುಡುಕತೊಡಗಿದೆ.

"ದೊಡ್ಡಮ್ಮ ಹೇಳಿದ್ದು ನಿಮಗೆ, ಊರಿಗಲ್ಲ. ನಿಮ್ಮ ಕಾಲಿಗೆ ಬೀಳ್ತೀನಿ."

ಅನ್ಯಾಯವಾದದ್ದು ಇವಳ ತಂದೆಗೆ, ಕಾಲಿಗೆ ಬೀಳುವವಳು ಇವಳು. ಈ ನಾಟಕದಲ್ಲಿ ಯಾರಿಗೂ ತಮ್ಮ ಪಾತ್ರವೇ ಗೊತ್ತಿಲ್ಲ.

ಫೆಬ್ರವರಿ 16, ಸೋಮವಾರ

ಕಾರ್ಯದರ್ಶಿಯ ಪತ್ರ. ಸಮಿತಿ ಉದಾರ ಮನಸ್ಸಿನಿಂದ ಯೋಚಿಸಿದೆಯಂತೆ. ಪಟ್ಟಿಯ ಕೊನೆಗೆ "ಮತ್ತು ಇತರ ಸೇವಾಕರ್ತರು" ಎಂದು ಸೇರಿಸುತ್ತಾರಂತೆ. ಅದರಲ್ಲಿ ಮಾವನೂ ಬಂದಂತಾಯಿತಂತೆ.

ಇತರ! ಇತರ! ಇತರ!

ಫೆಬ್ರವರಿ 18, ಬುಧವಾರ

ಮೆಟ್ಟಿಲು. ಗಡಿಯಾರದವರ ಬಲಗಾಲಿನ ಷೂ ಒಳಗೆ ರಟ್ಟು ಕತ್ತರಿಸಿ ಇಟ್ಟಿದ್ದಾರೆ. ಅಟ್ಟೆ ತೂತಾಗಿ ರಟ್ಟಿನ ಮೇಲಿನ ಅಚ್ಚಿನ ಅಕ್ಷರ ಕೆಳಗಿನಿಂದ ಕಾಣುತ್ತದೆ. ಗಡಿಯಾರ ಬರುವ ಪೆಟ್ಟಿಗೆಯ ರಟ್ಟು. ಮನೆಯಿಂದ ಅಂಗಡಿಗೆ ಬಸ್ಸಿನಲ್ಲಿ ಬರುವವರು, ನಡೆಯುವುದು ನೂರು ಹೆಜ್ಜೆ ಇಲ್ಲ. ಏನೋ ನಡೆದಿದೆ.

ಹೇಳಬೇಕು ಅನ್ನಿಸಿತು. ಯಾರಿಗೆ? ದೊಡ್ಡವರಿಲ್ಲ. ಕಾರ್ಯದರ್ಶಿಗೆ ಹೇಳಿದರೆ ಅರ್ಜಿ ಬರೆದುಕೊಡಿ ಎನ್ನುತ್ತಾನೆ. ಪ್ರಾರ್ಥನೆ ಮುಗಿದು ಅವರು ಹೊರಬಂದಾಗ ನಾನೇ ಏನಾದರೂ ಕೇಳಬಹುದಿತ್ತು. ಆದರೆ ತಲೆಯೊಳಗೆ ಭಾನುವಾರದ ಭಾಷಣ ಓಡುತ್ತಿತ್ತು, ಒಳ್ಳೆಯ ಸಾಲೊಂದು ಆಗಷ್ಟೇ ಹೊಳೆದಿತ್ತು. ಅದನ್ನು ಬರೆದುಕೊಳ್ಳುವಷ್ಟರಲ್ಲಿ ಹೊರಟುಹೋದರು. ಭಾನುವಾರ ಮುಗಿಯಲಿ, ನೋಡೋಣ.

ಫೆಬ್ರವರಿ 22, ಭಾನುವಾರ

ಗೆದ್ದೆ! ಮಹಾಜನರೇ, ಗೆದ್ದೆ!

ಡಾಕ್ಟರು ನಿನ್ನೆ ಗಂಟಲಿಗೆ ದೀಪ ಹಾಕಿ ನೋಡಿ, "ಹದಿನೈದು ನಿಮಿಷ, ಅದಕ್ಕಿಂತ ಹೆಚ್ಚಿಲ್ಲ," ಎಂದಿದ್ದರು. ಹದಿನೈದು ನಿಮಿಷದಲ್ಲಿ ಸಿಂಹಾಸನಗಳನ್ನೇ ಉರುಳಿಸಿದವನು ನಾನು.

ಶಪಥಕ್ಕೆ ಒಂದು ದಿನದ ರಜೆ ಕೊಟ್ಟು ಪಕ್ಕದ ಬಾಗಿಲಿನಿಂದ ಒಳಗೆ ಹೋದೆ, ಮಂದಿರ ತುಂಬಿತ್ತು. ಮೊದಲು ಕಾರ್ಯದರ್ಶಿ ಎದ್ದು ದೊಡ್ಡವರ ಚಿತ್ರಕ್ಕೆ ಕೈಮುಗಿದು ದಿವ್ಯದೃಷ್ಟಿ, ದಿವ್ಯದೃಷ್ಟಿ ಎಂದು ಏಳು ಸಲ ಅಂದ, ಎಣಿಸಿದ್ದೇನೆ. ನನ್ನ ಸರದಿ ಬಂತು. ಪಟ್ಟಿಯ ಹೆಸರುಗಳನ್ನು ಒಂದೊಂದಾಗಿ ಓದಿದೆ. "ಮತ್ತು ಇತರ" ಎಂಬಲ್ಲಿಗೆ ಬಂದು ನಿಂತೆ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿದೆ. ಮೈಕನ್ನು ಪಕ್ಕಕ್ಕೆ ಸರಿಸಿದೆ.

"ಯಾರು ಈ ಇತರ?" ಎಂದೆ. ಮೂರು ವಾರ ಬೀಗ ಹಾಕಿದ್ದ ದನಿ. ಕಿಟಕಿಯ ಗಾಜು ಅದುರಿದ್ದನ್ನು ಕಣ್ಣಾರೆ ಕಂಡೆ. "ನಿಮ್ಮ ಮನೆಯ ಹಿಟ್ಟಿನ ಡಬ್ಬ ಖಾಲಿಯಾದದ್ದನ್ನು ಕಂಡ ಕಣ್ಣು ಯಾರದ್ದು? ಆ ಚಿತ್ರದ್ದೇ? ಅಲ್ಲ! ಆ ಕಣ್ಣು ಹೊರಗೆ, ನಿಮ್ಮ ಧೂಳಿನ ನಡುವೆ, ಎರಡನೆಯ ಮೆಟ್ಟಿಲ ಮೇಲೆ ಕುಳಿತಿತ್ತು!"

ಎಲ್ಲವನ್ನೂ ಹೇಳಿದೆ. ಮೂರು ಮಕ್ಕಳ ಒಂದು ಜೊತೆ, ಫಿನಾಯಿಲ್ ವಾಸನೆ, ದಾರವಿಲ್ಲದ ಷೂ, ಬಾಯೊಳಗೆ ಹೇಳಿಕೊಂಡ ಮನೆಮನೆಯ ಹೆಸರು. ಮಾವನ ಹೆಸರನ್ನು ಮೂರು ಸಲ ಕೂಗಿದೆ. ಸಭೆ ಉಸಿರು ಬಿಗಿಹಿಡಿದಿತ್ತು. ಅಂಥ ಮೌನ ನನ್ನ ಅಪ್ಪನ ಕಂಪನಿಗೂ ಸಿಕ್ಕಿರಲಿಲ್ಲ. ಆ ರಭಸದಲ್ಲಿ ಬುಧವಾರ ಹೊಳೆದಿದ್ದ ಸಾಲೂ ಬಂತು: "ಇವತ್ತು ನಮ್ಮ ನಡುವೆಯೇ ಒಬ್ಬರು ಪಾಲಿಶ್ ಹೊಡೆದ ಷೂ ಒಳಗೆ ರಟ್ಟು ಇಟ್ಟು ನಡೆಯುತ್ತಿದ್ದಾರೆ. ನೋಡುವವರು ಯಾರು? ಮೆಟ್ಟಿಲಜ್ಜ ಇದ್ದಿದ್ದರೆ ನೋಡುತ್ತಿದ್ದರು!"

ಚಪ್ಪಾಳೆ! ಮುದುಕರು ಎದ್ದು ನಿಂತರು. ಅಂಚೆ ಕಚೇರಿಯ ಹುಡುಗಿ ಬಿಕ್ಕಿಬಿಕ್ಕಿ ಅತ್ತಳು. ಕಾರ್ಯದರ್ಶಿಯ ಮುಖ ಅದ್ದಿ ತೆಗೆದ ಬಟ್ಟೆಯಂತಾಗಿತ್ತು. ಕೊನೆಗೆ ಅವನೇ ಬಂದು ಕೈ ಹಿಡಿದು, "ಹೆಸರು ಸೇರ್ಸಿದೀವಿ ಅಂತ ತಿಳ್ಕೊಳ್ಳಿ," ಎಂದ.

ದೊಡ್ಡಮ್ಮ ನಡುವೆಯೇ ಎದ್ದು ಗೋಡೆ ಹಿಡಿದುಕೊಂಡು ಹೊರಗೆ ಹೋದರಂತೆ, ಕಾಲು ಊತ ಹೆಚ್ಚಿರಬೇಕು. ನಮ್ಮವಳು ನನಗೆ ಕಾಯದೆ ಒಬ್ಬಳೇ ಮನೆಗೆ ಬಂದಿದ್ದಾಳೆ.

ಮೂರನೆಯ ಸಾಲಿನಲ್ಲಿ ಗಡಿಯಾರದವರು ಕುಳಿತಿದ್ದರು. ಚಪ್ಪಾಳೆಯ ಹೊತ್ತಿನಲ್ಲಿ ಅವರು ಕಾಲುಗಳನ್ನು ಬೆಂಚಿನ ಕೆಳಗೆ ಎಳೆದುಕೊಂಡರು. ಬರಿಗಾಲು. ಒಳಗೆ ಎಲ್ಲರದೂ ಬರಿಗಾಲೇ.

ನಾನು ಹೆಸರು ಹೇಳಿಲ್ಲ. ಯಾರ ಹೆಸರನ್ನೂ ಹೇಳಿಲ್ಲ.

ಫೆಬ್ರವರಿ 25, ಬುಧವಾರ

ಶಪಥ ತೀರಿತು, ಹೆಸರು ಸೇರಿತು. ಇವತ್ತು ಮುಂಬಾಗಿಲಿನಿಂದ ಒಳಗೆ ಹೋಗಬಹುದಿತ್ತು. ಅಭ್ಯಾಸಬಲದಿಂದ ಮೆಟ್ಟಿಲ ಮೇಲೆ ಕುಳಿತೆ.

ಬಂದವರೆಲ್ಲರ ಕೈಯಲ್ಲೂ ಚೀಲ. ಮೆಟ್ಟಿಲು ಹತ್ತುವ ಮೊದಲೇ ಬೀದಿಯಲ್ಲಿ ಚಪ್ಪಲಿ ಕಳಚಿ, ಚೀಲಕ್ಕೆ ತುರುಕಿ, ಕಂಕುಳಲ್ಲಿ ಅವುಚಿಕೊಂಡು ನನ್ನ ಮುಂದೆ ಹಾದುಹೋದರು. ಚೀಲ ತರದವರದು ಹೊಸ ಚಪ್ಪಲಿ. ನನ್ನ ಮುಂದೆ ಬಿಟ್ಟದ್ದು ಒಟ್ಟು ನಾಲ್ಕು ಜೊತೆ, ನಾಲ್ಕೂ ಅಂಗಡಿಯಿಂದ ಆಗಷ್ಟೇ ಇಳಿದಂಥವು. ಬೇಕರಿಯವನು ನಗುತ್ತ, "ನಮ್ಮದನ್ನ ಓದ್ಬೇಡಿ ಮಾರಾಯ್ರೇ," ಎಂದ. ಮೊದಲ ದಿನ ನೋಡ್ಕೊಳಪ್ಪಾ ಎಂದ ಮುದುಕಿ ನನ್ನನ್ನು ನೋಡಿ ಸೀರೆಯ ನೆರಿಗೆಯನ್ನು ಪಾದದವರೆಗೆ ಇಳಿಸಿಕೊಂಡಳು.

ಗಡಿಯಾರದವರು ಬರಲಿಲ್ಲ.

ಮನೆಗೆ ಬಂದು ಕೂಗಾಡಿದೆ. ಎಂಥ ಜನ! ನಾನೇನು ಕಳ್ಳನಾ ಪೊಲೀಸಿನವನಾ? ನಾನು ಹೇಳಿದ್ದು ಹೊಗಳಿಕೆ! ಅದು ಹೊಗಳಿಕೆ ಎಂದು ತಿಳಿಯದಷ್ಟು ದಡ್ಡರಾ ಇವರು? ಚೀಲದಲ್ಲಿ ಚಪ್ಪಲಿ ಹೊತ್ತು ತಿರುಗುವುದು ಯಾವ ಮರ್ಯಾದೆ?

ಇವಳು ಬಾಗಿಲ ಹಿಂದೆ ಮೊಳೆಗೆ ನೇತುಹಾಕಿದ್ದ ನನ್ನ ಜೋಡಿನ ಹಳದಿ ಬಣ್ಣದ ಚೀಲವನ್ನು ತೆಗೆದು ಮೇಜಿನ ಮೇಲಿಟ್ಟು ಅಡುಗೆಮನೆಗೆ ಹೋದಳು.

ಫೆಬ್ರವರಿ 28, ಶನಿವಾರ

ಕೆಲಸಕ್ಕೆ ಮರಳಿದೆ. ಯಂತ್ರವನ್ನು ಬಿಚ್ಚಿ ಮೂಲೆಗಿಟ್ಟಿದ್ದಾರೆ. ದೊಡ್ಡಮ್ಮನ ಮನೆಗೆ ಹೋಗಿದ್ದೆ, ಮಲಗಿದ್ದಾರೆ ಎಂದರು. ಒಳಗೆ ರೇಡಿಯೋ ಕೇಳಿಸುತ್ತಿತ್ತು.

ಮಾರ್ಚ್ 3, ಮಂಗಳವಾರ

ಕಾರ್ಯದರ್ಶಿ ಬಸ್ ನಿಲ್ದಾಣಕ್ಕೇ ಬಂದು ಶುಭ ಸಮಾಚಾರ ಹೇಳಿದ. ಚಪ್ಪಲಿ ಬಿಡುವ ಜಾಗದಲ್ಲಿ ಕಬ್ಬಿಣದ ಕಪಾಟು ಬರುತ್ತದೆ. ಅರವತ್ತು ಖಾನೆ, ಪ್ರತಿ ಖಾನೆಗೆ ಬಾಗಿಲು, ಬಾಗಿಲಿಗೆ ಬೀಗ. ಮೇಲೆ ಮಾವನ ಹೆಸರು, ದೊಡ್ಡ ಅಕ್ಷರದಲ್ಲಿ, "ಸ್ಮಾರಕ ಪಾದರಕ್ಷಾ ಕಪಾಟು" ಎಂದು.

"ಈಗ ಯಾರದನ್ನೂ ಯಾರೂ ನೋಡೋ ಹಾಗಿಲ್ಲ, ನೋಡಿ," ಎಂದ. "ನೀವು ಕೇಳಿದ್ದಕ್ಕಿಂತ ಜಾಸ್ತಿನೇ ಆಯ್ತಲ್ವಾ?"

ಅವನ ಕುತ್ತಿಗೆ ಹಿಸುಕಬೇಕೆನಿಸಿತು. ಆದರೆ ಅವನ ಮುಖದಲ್ಲಿ ಕುಚೇಷ್ಟೆಯಿರಲಿಲ್ಲ. ನಿಜವಾಗಿಯೂ ಸಂತೋಷದಿಂದ ಹೇಳಲು ಬಂದಿದ್ದ. ನಾನು ಹಠ ಹಿಡಿದದ್ದು ಮಾವನ ಹೆಸರಿಗೆ. ಹೆಸರು ಬಂತು. ಬೈಯಲು ಒಂದು ಮಾತೂ ಸಿಗಲಿಲ್ಲ, ಅದಕ್ಕೇ ಇನ್ನೂ ಸಿಟ್ಟು ಬಂತು. ಎರಡು ಬಸ್ಸುಗಳ ಪ್ರಕಟಣೆ ತಪ್ಪಿಸಿದೆ.

ಮಾರ್ಚ್ 4, ಬುಧವಾರ

ಸಂಜೆ ಗಡಿಯಾರದವರು ಇವತ್ತೂ ಬರಲಿಲ್ಲ. ಮಂದಿರದಿಂದ ಅವರ ಅಂಗಡಿಯ ಬೀದಿಗೆ ಹೋದೆ. ಅಂಗಡಿಯ ಬಾಗಿಲಿಗೆ ಬೀಗ, ಬೀಗದ ಮೇಲೆ ಬೆರಳಷ್ಟು ಧೂಳು. ಪಕ್ಕದ ಕನ್ನಡಕದ ಅಂಗಡಿಯವನನ್ನು ಕೇಳಿದೆ.

"ಮೂರು ತಿಂಗಳಾಯ್ತಲ್ಲ ಮುಚ್ಚಿ. ಕೈ ನಡುಗುತ್ತೆ, ಸಣ್ಣ ಸ್ಕ್ರೂ ಕಾಣ್ಸಲ್ಲ. ಮನೆಯವ್ರಿಗೆ ಹೇಳ್ಬೇಡಿ ಅಂತ ನನ್ನ ಹತ್ರ ಆಣೆ ಹಾಕಿಸ್ಕೊಂಡಿದಾರೆ. ದಿನಾ ಬೆಳಿಗ್ಗೆ ಊಟದ ಡಬ್ಬಿ ಹಿಡ್ಕೊಂಡು ಹೊರಡ್ತಾರೆ, ಸಂಜೆ ವಾಪಸ್. ಎಲ್ಲಿ ತಿರುಗ್ತಾರೋ ದೇವರಿಗೇ ಗೊತ್ತು." ಅಷ್ಟು ಹೇಳಿ ನನ್ನ ಮುಖ ನೋಡಿ ಬಾಯಿ ಮುಚ್ಚಿಕೊಂಡ. "ಅಯ್ಯೋ, ನೀವಾ? ನಿಮ್ಮ ಹತ್ರ ಹೇಳ್ಬಿಟ್ನಲ್ಲಪ್ಪಾ."

ನಿಮ್ಮ ಹತ್ರ ಎಂದರೆ ಏನರ್ಥ? ಅಲ್ಲೇ ಕೇಳಿಬಿಡಬೇಕಿತ್ತು.

ಮಾರ್ಚ್ 5, ಗುರುವಾರ

ಮಧ್ಯಾಹ್ನ ಒಂದು ಗಂಟೆಗೆ ಪ್ರಕಟಣೆ ಕೋಣೆಯ ಕಿಟಕಿಯಿಂದ ಕಂಡರು. ನಾಲ್ಕನೆಯ ಪ್ಲಾಟ್‌ಫಾರ್ಮಿನ ಕೊನೆಯ ಬೆಂಚು. ಪಕ್ಕದಲ್ಲಿ ಡಬ್ಬಿ. ಆ ಬೆಂಚಿನ ಮುಂದೆ ಬಸ್ಸು ಬಂದಾಗಲೆಲ್ಲ, ಹತ್ತುವವರಂತೆ ಎದ್ದು ನಿಲ್ಲುತ್ತಾರೆ. ಬಸ್ಸು ಹೊರಟ ಮೇಲೆ ತಪ್ಪಿಹೋಯಿತು ಎನ್ನುವಂತೆ ಗಡಿಯಾರ ನೋಡಿಕೊಂಡು ಕೂರುತ್ತಾರೆ. ಯಾರೂ ಅವರನ್ನು ನೋಡುತ್ತಿಲ್ಲ, ಆದರೂ ಪಾತ್ರ ಬಿಡುತ್ತಿಲ್ಲ. ನಾಲ್ಕು ಬಸ್ಸು ಹೋಗುವವರೆಗೆ ನೋಡಿದೆ. ಆಮೇಲೆ ಎದ್ದು ಊರ ಹೊರಗಿನ ರಸ್ತೆಗೆ ನಡೆದರು.

ನನ್ನ ಕೈಯಲ್ಲಿ ಮೈಕಿತ್ತು. ಅವರ ಹೆಸರು ನಾಲಿಗೆಯ ತುದಿಗೆ ಬಂದಿತ್ತು, ಗುಂಡಿ ಒತ್ತಿಯೂ ಆಗಿತ್ತು. "ಪ್ರಯಾಣಿಕರ ಗಮನಕ್ಕೆ" ಎಂದು ಬಾಯಿ ತೆರೆದವನು ಹಾಗೆಯೇ ಎರಡನೆಯ ಪ್ಲಾಟ್‌ಫಾರ್ಮಿನ ಬಸ್ಸನ್ನು ಹೊರಡಿಸಿದೆ. ದನಿ ಒಡೆದಿತ್ತಂತೆ, ಚಾಲಕರು ಬಂದು ಗಂಟಲು ಹೇಗಿದೆ ಎಂದು ವಿಚಾರಿಸಿದರು. ಸುಡುಗಾಡು ಗಂಟಲು!

ಮನೆಗೆ ಬಂದು ಇವಳಿಗೆ ಹೇಳಿದೆ. ಇಷ್ಟು ದಿನದ ಮೇಲೆ ನನ್ನ ಎದುರು ಕುಳಿತು ಪೂರ್ತಿ ಕೇಳಿಸಿಕೊಂಡಳು.

"ಅವರಿಗೆ ಗೊತ್ತು, ನೀವು ಹೇಳಿದ್ದು ಅವರನ್ನೇ ಅಂತ," ಎಂದಳು.

"ಗೊತ್ತು."

"ಏನ್ಮಾಡ್ತೀರಾ?"

ಏನು ಮಾಡಲಿ? ಕ್ಷಮೆ ಕೇಳಿದರೆ ರಟ್ಟು ನಿಮ್ಮದೇ ಎಂದು ಎರಡನೆಯ ಸಲ ಹೇಳಿದಂತಾಗುತ್ತದೆ. ಸಹಾಯ ಬೇಕೇ ಎಂದರೆ ಮುಖಕ್ಕೆ ಹೊಡೆದಂತೆ. ಸುಮ್ಮನಿದ್ದರೆ ಅವರು ಹೀಗೆಯೇ ನಡೆಯುತ್ತಾರೆ. ಹದಿನೈದು ನಿಮಿಷ ಮಾತನಾಡಿ ಇಷ್ಟು ಹಾಳು ಮಾಡಿದ ಬಾಯಿಗೆ ಈಗ ಒಂದು ವಾಕ್ಯಕ್ಕೂ ಗತಿಯಿಲ್ಲ. ಆ ಮಾವ ಏನು ಹೇಳುತ್ತಿದ್ದರು ಇಂಥ ಹೊತ್ತಿನಲ್ಲಿ? ಕೇಳಿಟ್ಟುಕೊಳ್ಳಲು ಇಪ್ಪತ್ತಾರು ವರ್ಷ ಇತ್ತು. ಪಕ್ಕದ ಬಾಗಿಲಿನಿಂದ ಹೋಗುತ್ತಿದ್ದೆ, ದರಿದ್ರದವನು.

ಇವಳಿಗೆ ಡಬ್ಬಿ ಕಟ್ಟಲು ಹೇಳಿದ್ದೇನೆ. ಅರ್ಧ ದಿನ ರಜೆ ಬರೆದುಕೊಟ್ಟು ಬಂದಿದ್ದೇನೆ, ಯಂತ್ರ ಕೂಗಿಕೊಳ್ಳಲಿ. ನಾಳೆ ಬೆಳಿಗ್ಗೆ ಏಳೂವರೆಗೆ, ಅವರು ಮನೆಯಿಂದ ಹೊರಡುವ ಹೊತ್ತಿಗೆ, ಅವರ ಬೀದಿಯ ತಿರುವಿನಲ್ಲಿ ನಿಂತಿರುತ್ತೇನೆ. ಡಾಕ್ಟರು ದಿನಾ ಬೆಳಿಗ್ಗೆ ನಡೆಯಲು ಹೇಳಿದ್ದಾರೆ, ಒಬ್ಬನೇ ನಡೆದರೆ ಬೇಸರ ಎನ್ನುತ್ತೇನೆ. ಬೈದರೆ ಬೈಸಿಕೊಳ್ಳುತ್ತೇನೆ. ಆಚೆ ಬದಿಗೆ ದಾಟಿ ಹೋದರೆ ಈಚೆ ಬದಿಯಲ್ಲಿ ನಡೆಯುತ್ತೇನೆ. ಅವರು ಎಷ್ಟು ದೂರ ಹೋಗುತ್ತಾರೋ ಅಷ್ಟು ದೂರ. ಕಾಲಿನ ಕಡೆ ಮಾತ್ರ ನೋಡುವುದಿಲ್ಲ.